ಬೆಳ್ಳುಳ್ಳಿ ಲೆಕ್ಕ ಮಾಡಿ ಹಾಕುವುದಾ, ಮಾರಾಯ್ರೇ?

ಬೆಳ್ಳುಳ್ಳಿ ತರಕಾರಿಯೋ, ಮಸಾಲೆ ಪದಾರ್ಥವೋ ಎಂಬ ತಕರಾರು ಮಧ್ಯಪ್ರದೇಶದಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತ್ತು. ನಗುವ ವಿಷಯವಲ್ಲ. ದೇಶದಲ್ಲಿ ಅತಿ ಹೆಚ್ಚು ಬೆಳ್ಳುಳ್ಳಿ ಬೆಳೆಯುವ ರಾಜ್ಯ ಅದು. ಮಂದಸೌರ್, ನೀಮಚ್ ಕಡೆಯ ರೈತರಿಗೆ ಮಾಲು ಯಾವ ಮಂಡಿಗೆ ಹೋಗಬೇಕು, ಯಾರ ಕೈಯಲ್ಲಿ ಹರಾಜಾಗಬೇಕು ಎಂಬುದೆಲ್ಲ ಈ ಒಂದು ಉತ್ತರದ ಮೇಲೆ ನಿಂತಿತ್ತು. 2015ರಲ್ಲಿ ಮಂಡಿ ಮಂಡಳಿ ಅದನ್ನು ತರಕಾರಿ ಎಂದಿತು. ಕೃಷಿ ಇಲಾಖೆ 1972ರ ಕಾಯ್ದೆ ಬಿಡಿಸಿ ನೋಡಿ ಅಲ್ಲ, ಮಸಾಲೆ ಎಂದಿತು. ವರ್ಷಗಟ್ಟಲೆ ಅರ್ಜಿ, ಮೇಲ್ಮನವಿ ನಡೆದ ಮೇಲೆ 2024ರಲ್ಲಿ ಇಂದೋರ್ ಪೀಠ, ಬೇಗ ಕೆಡುವ ಮಾಲಾದ್ದರಿಂದ ಇದು ತರಕಾರಿಯೇ ಎಂದು ಹೇಳಿತು.

ದಲ್ಲಾಳಿಗಳ ಕಮಿಷನ್ ಕಟ್ಟಿಕೊಂಡು ನನಗೇನಾಗಬೇಕು. ಆದರೆ ತೀರ್ಪು ಓದಿ ಖುಷಿಯಾಯಿತು. ನಾನು ಅಡುಗೆ ಮಾಡಿಕೊಳ್ಳಲು ಕಲಿತಾಗಿನಿಂದ ಹೇಳುತ್ತ ಬಂದದ್ದೂ ಅದನ್ನೇ. ನಮ್ಮ ಮನೆಗಳಲ್ಲಿ ಬೆಳ್ಳುಳ್ಳಿಗೆ ಒಗ್ಗರಣೆ ಸೌಟಿನ ಆಚೆ ಜಾಗವಿಲ್ಲ. ಅಡುಗೆ ಪುಸ್ತಕ ತೆರೆಯಿರಿ, ಯೂಟ್ಯೂಬ್ ನೋಡಿ: ಈರುಳ್ಳಿ ಎರಡು, ಟೊಮೆಟೊ ಮೂರು, ಬೆಳ್ಳುಳ್ಳಿ ನಾಲ್ಕು ಎಸಳು. ನಾಲ್ಕೇ ಯಾಕೆ ಎಂದು ಯಾರೂ ಕೇಳುವುದಿಲ್ಲ. ಬೀನ್ಸ್ ನಾಲ್ಕು ಎಳೆ, ಬದನೆಕಾಯಿ ನಾಲ್ಕು ಹೋಳು ಎಂದು ಯಾರಾದರೂ ಬರೆಯುತ್ತಾರೆಯೇ? ಬೆಳ್ಳುಳ್ಳಿಯನ್ನು ಎಸಳಿನ ಲೆಕ್ಕದಲ್ಲಿ ಅಲ್ಲ, ಗಡ್ಡೆಯ ಲೆಕ್ಕದಲ್ಲಿ ಹಾಕಬೇಕು ಎಂಬುದು ನನ್ನ ವಾದ. ಹಾಗೆ ಹಾಕಲು ಮನಸ್ಸು ಮಾಡಿದರೆ ದಿನದ ಅಡುಗೆಯ ಅರ್ಧ ತಾಪತ್ರಯ ಕಡಿಮೆಯಾಗುತ್ತದೆ.

ಇಷ್ಟು ಹೇಳಿದ ಕೂಡಲೇ ಬರುವ ಮೊದಲ ಮಾತು: 'ಅಯ್ಯೋ, ಅಷ್ಟೊಂದಾ? ಘಾಟು ತಡೆಯೋಕಾಗತ್ತಾ?' ನನ್ನ ಹೆಂಡತಿ ತೀರ್ಥಹಳ್ಳಿ ಕಡೆಯವಳು. ಮದುವೆಯಾದ ಹೊಸದರಲ್ಲಿ ಅವಳೂ ಹೀಗೇ ಕೇಳಿದ್ದಳು. ಈ ಹೆದರಿಕೆಗೆ ಉತ್ತರ ರಸಾಯನಶಾಸ್ತ್ರದಲ್ಲಿದೆ. ಇಡಿಯಾದ ಬೆಳ್ಳುಳ್ಳಿ ಎಸಳನ್ನು ಮೂಸಿ ನೋಡಿ, ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಅದರ ಜೀವಕೋಶಗಳಲ್ಲಿ ಆಲಿಯಿನ್ ಎಂಬ ಗಂಧಕದ ಸಂಯುಕ್ತವಿದೆ. ಆಲಿನೇಸ್ ಎಂಬ ಕಿಣ್ವವೂ ಇದೆ, ಆದರೆ ಬೇರೆ ಜಾಗದಲ್ಲಿ. ಕೊಚ್ಚಿದಾಗ, ಜಜ್ಜಿದಾಗ ಎರಡೂ ಬೆರೆತು ಆಲಿಸಿನ್ ಹುಟ್ಟುತ್ತದೆ. ಮೂಗಿಗೆ ಹೊಡೆಯುವುದು, ನಾಲಿಗೆ ಸುಡುವುದು ಅದು. 1944ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಎಂಬ ಇಬ್ಬರು ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದರು.

ಅಡುಗೆ ಮಾಡುವವರಿಗೆ ಮುಖ್ಯವಾದದ್ದು ಇದರ ಮುಂದಿನ ಭಾಗ. ಶಾಖ ತಾಕಿದರೆ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಜಜ್ಜದೆ ಇಡಿಯಾಗಿ ಬೇಯಿಸಿದ ಎಸಳಿನಲ್ಲಿ ಘಾಟು ಹುಟ್ಟುವುದಕ್ಕೆ ಅವಕಾಶವೇ ಇರುವುದಿಲ್ಲ. ಉಳಿಯುವುದು ಮೆದು, ಸಿಹಿ, ಸ್ವಲ್ಪ ಹಿಟ್ಟುಹಿಟ್ಟಾದ ತಿರುಳು. ಹಸಿಯಾಗಿ ಜಜ್ಜಿದ ಎರಡು ಎಸಳಿನ ಖಾರ, ಇಡಿಯಾಗಿ ಬೆಂದ ಮೂವತ್ತು ಎಸಳಿಗೆ ಇರುವುದಿಲ್ಲ. ಫ್ರಾನ್ಸಿನವರು ಒಂದು ಕೋಳಿಗೆ ನಲವತ್ತು ಎಸಳು ಬೆಳ್ಳುಳ್ಳಿ ಹಾಕಿ ಬೇಯಿಸುವ ಹೆಸರಾಂತ ಅಡುಗೆಯೊಂದಿದೆ. ಅದನ್ನು ತಿಂದವರು ಯಾರೂ ಓಡಿಹೋಗಿಲ್ಲ. ಬೆಳ್ಳುಳ್ಳಿಯ ಜೋರು ನೀವು ಎಷ್ಟು ಹಾಕಿದಿರಿ ಎಂಬುದಕ್ಕಿಂತ ಅದನ್ನು ಏನು ಮಾಡಿ ಹಾಕಿದಿರಿ ಎಂಬುದರ ಮೇಲೆ ನಿಂತಿದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ, ವರ್ಗಾವಣೆಯಿಂದ. ರಾಣೆಬೆನ್ನೂರು ತಾಲ್ಲೂಕಿನ ಹುಡುಗ, ಬ್ಯಾಂಕಿನ ನೌಕರಿ. ಮೊದಲು ಹಾಕಿದ್ದು ಪುತ್ತೂರಿಗೆ. ಜೋಳದ ರೊಟ್ಟಿ ಸಿಗದ ಊರು, ಎಡೆಬಿಡದ ಮಳೆ, ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟವ್. ಮನೆ ಕೊಟ್ಟವರು ಹವ್ಯಕರು. ಆ ಮನೆಯ ಅಕ್ಕ ಒಂದು ದಿನ ಸೌತೆಕಾಯಿ ಬೋಳು ಹುಳಿ ಮಾಡುವುದನ್ನು ತೋರಿಸಿದರು. ಬೋಳು ಎಂದರೆ ತೆಂಗಿನಕಾಯಿ ಇಲ್ಲದ್ದು. ಮಂಗಳೂರು ಸೌತೆಯನ್ನು ದೊಡ್ಡ ಹೋಳು ಮಾಡಿ, ಉಪ್ಪು, ಮೆಣಸಿನ ಪುಡಿ, ಹುಣಸೆಹುಳಿ, ಚೂರು ಬೆಲ್ಲ ಹಾಕಿ ಬೇಯಿಸುವುದು, ಅಷ್ಟೇ. ಅರೆಯುವ ಕಲ್ಲಿನ ಹತ್ತಿರ ಹೋಗುವ ಹಾಗೇ ಇಲ್ಲ. ಆಮೇಲೆ ಒಗ್ಗರಣೆ: ತೆಂಗಿನೆಣ್ಣೆ, ಸಾಸಿವೆ, ಒಣಮೆಣಸು, ಮತ್ತೆ ಬೆಳ್ಳುಳ್ಳಿ. ನಾನು ಊರ ಅಭ್ಯಾಸದಂತೆ ಎಸಳು ಎಣಿಸಿ ಸುಲಿಯುತ್ತ ಕೂತಿದ್ದೆ. ಅಕ್ಕ ನೋಡಿ ನಕ್ಕರು. 'ಬೆಳ್ಳುಳ್ಳಿ ಲೆಕ್ಕ ಮಾಡಿ ಹಾಕುವುದಾ, ಮಾರಾಯ್ರೇ?' ಎಂದು ಇಡೀ ಗಡ್ಡೆಯನ್ನೇ ಬಿಡಿಸಿ ಮುಂದಿಟ್ಟರು.

ಕುಚ್ಚಲಕ್ಕಿ ಅನ್ನಕ್ಕೆ ಆ ಹುಳಿ ಹಾಕಿ ಉಂಡವರಿಗೆ ಬೇರೆ ವಿವರಣೆ ಬೇಡ. ಸೌತೆಕಾಯಿಗೆ ಅಂಥ ರುಚಿಯೇನೂ ಇಲ್ಲ, ನೀರಿನ ತರಕಾರಿ. ಸಾರಿಗೆ ಮೈ ಕೊಡುವುದು, ಎಣ್ಣೆಯಲ್ಲಿ ಹೊಂಬಣ್ಣಕ್ಕೆ ತಿರುಗಿ ಹುಳಿಯಲ್ಲಿ ನೆನೆದ ಬೆಳ್ಳುಳ್ಳಿ. ಬಟ್ಟಲಿನ ತಳದಲ್ಲಿ ಉಳಿದ ಎಸಳುಗಳಿಗೆ ಆ ಮನೆಯ ಮಕ್ಕಳು ಜಗಳವಾಡುತ್ತಿದ್ದರು. ಮಳೆಗಾಲದಲ್ಲಿ ಸೌತೆಕಾಯಿಯ ಜಾಗಕ್ಕೆ ಹಲಸಿನ ಬೀಜ ಬರುತ್ತಿತ್ತು, ವಿಧಾನ ಅದೇ. ಅಲ್ಲಿನ ಹುರುಳಿ ಸಾರೂ ಹೀಗೇ: ಹುರುಳಿ ಬೇಯಿಸಿದ ಕಟ್ಟು, ಉಪ್ಪು, ಹುಳಿ, ಮೇಲೆ ತೆಂಗಿನೆಣ್ಣೆಯಲ್ಲಿ ಕೈತುಂಬ ಬೆಳ್ಳುಳ್ಳಿ.

ಅಲ್ಲಿಂದ ಮಂಡ್ಯ. ಆ ಸೀಮೆಯ ಉಪ್ಸಾರನ್ನು ನಾನು ಕರ್ನಾಟಕದ ಅತ್ಯಂತ ಬುದ್ಧಿವಂತ ಅಡುಗೆ ಎಂದು ತಿಳಿದಿದ್ದೇನೆ. ಕಾಳು ಇಲ್ಲವೇ ಬೇಳೆ, ಜತೆಗೆ ಸೊಪ್ಪು ಇಲ್ಲವೇ ತರಕಾರಿ. ನೀರು, ಉಪ್ಪು, ಬೇಯಿಸು, ಮುಗಿಯಿತು. ನೀರೇ ಸಾರು, ಬೆಂದದ್ದೇ ಪಲ್ಯ. ಇಷ್ಟನ್ನೇ ಕೊಟ್ಟರೆ ಆಸ್ಪತ್ರೆ ಊಟ. ಅದನ್ನು ಊಟವಾಗಿಸುವುದು ತಟ್ಟೆಯ ಅಂಚಿನಲ್ಲಿ ಕೂರುವ ಖಾರ. ಸುಟ್ಟ ಒಣಮೆಣಸಿನಕಾಯಿ ಅಥವಾ ಹಸಿಮೆಣಸಿನಕಾಯಿ, ಮೆಣಸು, ಜೀರಿಗೆ, ಹುಣಸೆ, ಉಪ್ಪು, ಹಿಡಿ ಬೆಳ್ಳುಳ್ಳಿ, ಎಲ್ಲ ಸೇರಿಸಿ ನುಣ್ಣಗೆ ಅರೆದದ್ದು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಖಾರವನ್ನು ಬೆರಳ ತುದಿಯಲ್ಲಿ ಸೋಕಿಸಿ ನುಂಗಬೇಕು. ಮಗುವಿಗೆ ಖಾರ ಬೇಡ, ಅಜ್ಜನಿಗೆ ಕಡಿಮೆ, ಗದ್ದೆಯಿಂದ ಬಂದವನಿಗೆ ಹೆಚ್ಚು. ಒಂದೇ ಪಾತ್ರೆಯಲ್ಲಿ ಎಲ್ಲರ ಅಡುಗೆ. ಬ್ಯಾಂಕಿನಲ್ಲಿ ನನ್ನ ಜತೆ ಇದ್ದ ಅಟೆಂಡರ್ ಒಬ್ಬರು, 'ಸಾರ್, ಸಾರು ಕೆಟ್ಟರೂ ಚಿಂತೆ ಇಲ್ಲ, ಖಾರ ಕೆಡಬಾರದು' ಎನ್ನುತ್ತಿದ್ದರು. ಅವರ ಮನೆಯಿಂದ ಪುಟ್ಟ ಡಬ್ಬಿಯಲ್ಲಿ ನನಗೂ ಬರುತ್ತಿತ್ತು. ಅನ್ನಕ್ಕೆ ತುಪ್ಪ, ಮೇಲೊಂದು ಚೂರು ಖಾರ. ರಾತ್ರಿ ಎಷ್ಟು ಹೊತ್ತಾಗಿ ಬಂದರೂ ಊಟ ತಯಾರು.

ಇಲ್ಲಿ ಬೆಳ್ಳುಳ್ಳಿ ಹಸಿ, ಅರೆದದ್ದು, ಆದ್ದರಿಂದ ಜೋರು. ಪುತ್ತೂರಿನಲ್ಲಿ ಹುರಿದದ್ದು, ಆದ್ದರಿಂದ ಸೌಮ್ಯ.

ನಮ್ಮ ಕಡೆಯ ಕೆಂಪು ಖಾರವನ್ನು ಬೇಕೆಂದೇ ಹಿಂದಕ್ಕೆ ಇಟ್ಟಿದ್ದೇನೆ, ಇಲ್ಲದಿದ್ದರೆ ಊರ ಅಭಿಮಾನ ಎನ್ನುತ್ತೀರಿ. ಬ್ಯಾಡಗಿ ನಮಗೆ ಕೂಗಳತೆ. ಹಣ್ಣಾದ ಕೆಂಪು ಮೆಣಸಿನಕಾಯಿ ಬರುವ ದಿನಗಳಲ್ಲಿ ಅವ್ವ ಅದನ್ನು ಉಪ್ಪು, ಬಳ್ಳೊಳ್ಳಿ, ಹುಣಸೆಹಣ್ಣು, ಚೂರು ಮೆಂತ್ಯ ಹಾಕಿ ಒಳ್ಳಿನಲ್ಲಿ ಕುಟ್ಟಿ ಭರಣಿ ತುಂಬುತ್ತಿದ್ದಳು. ಬಿಸಿ ರೊಟ್ಟಿ, ಖಾರ, ಅದರ ನಡುವೆ ಗುಳಿ ಮಾಡಿ ಕುಸುಬಿ ಎಣ್ಣೆ. ಶೇಂಗಾ ಚಟ್ನಿಗೂ ಬಳ್ಳೊಳ್ಳಿಯನ್ನು ಸಿಪ್ಪೆ ಸಮೇತ ಕಡೆಯಲ್ಲಿ ಹಾಕಿ ಎರಡು ಪೆಟ್ಟು. 'ಸುಲಕೋಂತ ಕುಂತ್ರ ಹೊಲಕ್ಕ ಹೋಗೋದು ಯಾವಾಗ?' ಎಂಬುದು ಅವಳ ಪ್ರಶ್ನೆ. ಸಿಪ್ಪೆಯ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಈವರೆಗೆ ಸಿಕ್ಕಿಲ್ಲ.

ಮೂರು ಸೀಮೆ, ಮೂರು ರುಚಿ, ಆದರೆ ಮೂರರಲ್ಲೂ ಒಂದೇ ಬುದ್ಧಿ. ಹೊಲ, ತೋಟ, ಕೊಟ್ಟಿಗೆಯ ಕೆಲಸಕ್ಕೆ ಹೋಗುವ ಹೆಂಗಸರು ಕಂಡುಕೊಂಡ ಅಡುಗೆಗಳು ಇವು. ಹತ್ತು ಸಾಮಾನು ಹುರಿದು ಪುಡಿ ಮಾಡುವ ಪುರಸೊತ್ತು ಅವರಿಗೆ ಇರಲಿಲ್ಲ. ಒಂದು ಜೋರಾದ ಪದಾರ್ಥವನ್ನು ಕೈಬಿಚ್ಚಿ ಹಾಕಿ, ಉಳಿದದ್ದನ್ನು ಉಪ್ಪು ನೀರಿಗೆ ಬಿಟ್ಟರು. ಈಗ ಸಂಜೆ ಏಳೂವರೆಗೆ ಟ್ರಾಫಿಕ್ಕಿನಲ್ಲಿ ಬೆಂದು ಮನೆಗೆ ಬರುವವರ ಪರಿಸ್ಥಿತಿಯೂ ಬೇರೆಯಲ್ಲ. ಆದರೆ ಅವರು ಕೈ ಹಾಕುವುದು ಮೂರು ಬಗೆಯ ಪುಡಿ ಪೊಟ್ಟಣಕ್ಕೆ, ಇಲ್ಲವೇ ಫೋನಿನ ಆ್ಯಪಿಗೆ.

ಪೊಟ್ಟಣದ ಮಾತು ಬಂತು. ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಎಂಬುದು ನಮ್ಮ ಫ್ರಿಜ್ಜುಗಳಲ್ಲಿ ಕಾಯಂ ಬಾಡಿಗೆದಾರನಾಗಿ ಕೂತಿದೆ. ಅದರ ಹಿಂಬದಿಯ ಸಣ್ಣಕ್ಷರ ಓದಿ: ಉಪ್ಪು, ಆಮ್ಲ, ಸಂರಕ್ಷಕ. ಕೆಡದಿರಲು ಅವು ಬೇಕು, ತಪ್ಪೆನ್ನುವುದಿಲ್ಲ. ಆದರೆ ಹುಳಿ ಮಿಶ್ರಿತ ಆ ವಾಸನೆಗೂ ಆಗಷ್ಟೇ ಜಜ್ಜಿದ ಎಸಳಿಗೂ ಸಂಬಂಧ ದೂರದ್ದು. ಅದಕ್ಕಿಂತ ನನ್ನ ದೊಡ್ಡ ತಕರಾರು ಏನೆಂದರೆ, ಅದು ಬೆಳ್ಳುಳ್ಳಿಯನ್ನು ಒಂದೇ ರೂಪಕ್ಕೆ ಇಳಿಸಿಬಿಟ್ಟಿದೆ. ಇಡಿ ಎಸಳಿನ ಸಿಹಿ, ಹೋಳಿನ ಗರಿಗರಿ, ಜಜ್ಜಿದ್ದರ ಕಟುತ್ವ ಎಲ್ಲ ಹೋಗಿ, ಎಲ್ಲ ಮೇಲೋಗರಕ್ಕೂ ಒಂದೇ ಚಮಚ, ಒಂದೇ ರುಚಿ. ಶುಂಠಿ ಇಲ್ಲದೆ ಬೆಳ್ಳುಳ್ಳಿ ಇರಬಾರದು ಎಂದು ಇವರಿಗೆ ಹೇಳಿದ್ದಾದರೂ ಯಾರು? ಮೇಲೆ ಹೇಳಿದ ಮೂರು ಅಡುಗೆಗಳಲ್ಲಿ ಒಂದರಲ್ಲೂ ಶುಂಠಿ ಇಲ್ಲ.

ಮನೆಯಲ್ಲೇ ಬಿಡಿಸಿ ಎಣ್ಣೆಯಲ್ಲಿ ಮುಳುಗಿಸಿ ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ ಒಂದು ಎಚ್ಚರಿಕೆ. ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಅದ್ದಿ ಹೊರಗಿಡಬೇಡಿ. ಗಾಳಿಯಿಲ್ಲದ, ಹುಳಿಯಿಲ್ಲದ ಆ ಜಾಗ ಬಾಟ್ಯುಲಿಸಂ ವಿಷ ಉಂಟುಮಾಡುವ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ್ದು. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಎಣ್ಣೆಯಲ್ಲಿಟ್ಟ ಕೊಚ್ಚಿದ ಬೆಳ್ಳುಳ್ಳಿಯಿಂದಲೇ ಹಲವರು ಹಾಸಿಗೆ ಹಿಡಿದಿದ್ದರು. ನಮ್ಮ ಉಪ್ಪಿನಕಾಯಿಯಲ್ಲಿ ಉಪ್ಪೂ ಹುಳಿಯೂ ಧಾರಾಳವಾಗಿರುವುದರಿಂದ ಆ ಭಯವಿಲ್ಲ. ಉಪ್ಪಿನಕಾಯಿಯ ಬೆಳ್ಳುಳ್ಳಿ ಕೆಲವೊಮ್ಮೆ ನೀಲಿ-ಹಸಿರಾಗುತ್ತದೆ. ಆಮ್ಲ ತಾಕಿ ಹಾಗಾಗುವುದು, ಎಸೆಯಬೇಕಿಲ್ಲ. ಚೀನಾದವರು ವಿನೆಗರಿನಲ್ಲಿಟ್ಟು ಬೇಕೆಂದೇ ಹಸಿರು ಮಾಡಿಕೊಂಡು ತಿನ್ನುತ್ತಾರೆ.

ಸುಲಿಯುವುದೇ ಕಷ್ಟ ಎನ್ನುವುದು ನ್ಯಾಯವಾದ ದೂರು. ನಾಟಿ ಬೆಳ್ಳುಳ್ಳಿಯ ಎಸಳು ಸಣ್ಣ, ಉಗುರು ಉರಿಯುತ್ತದೆ. ಹತ್ತು ನಿಮಿಷ ಬೆಚ್ಚನೆ ನೀರಿನಲ್ಲಿ ನೆನೆಸಿದರೆ ಸಿಪ್ಪೆ ಸಡಿಲವಾಗುತ್ತದೆ. ಇನ್ನೂ ಸುಲಭದ ದಾರಿ, ಸುಲಿಯದೇ ಇರುವುದು. ಬೇಳೆಗೆ ಕುಕ್ಕರ್ ಇಡುವಾಗ ಎರಡು ಗಡ್ಡೆಯ ತಲೆ ಕತ್ತರಿಸಿ ಒಂದು ಬಟ್ಟಲಿನಲ್ಲಿ ಕೂರಿಸಿ ಒಳಗಿಡಿ. ಬೇಳೆ ಬೇಯುವಷ್ಟರಲ್ಲಿ ಅದೂ ಬೆಂದಿರುತ್ತದೆ. ಆರಿದ ಮೇಲೆ ಬುಡ ಹಿಡಿದು ಅದುಮಿದರೆ ತಿರುಳು ತಾನಾಗಿ ಹೊರಗೆ ಬರುತ್ತದೆ. ಅದಕ್ಕೆ ಉಪ್ಪು, ಸುಟ್ಟ ಹಸಿಮೆಣಸಿನಕಾಯಿ, ನಿಂಬೆರಸ ಹಾಕಿ ಕಿವುಚಿದರೆ ಚಪಾತಿಗೆ ಚಟ್ನಿ. ಬೇಳೆಗೇ ಕಲಸಿಬಿಟ್ಟರೆ ಸಾಂಬಾರ್ ಪುಡಿ ಇಲ್ಲದ ಗಟ್ಟಿ ಬ್ಯಾಳಿ. ಮೇಲೆ ಬರೀ ಜೀರಿಗೆ ಒಗ್ಗರಣೆ ಸಾಕು.

ಈಗ ಗೊಜ್ಜು. ಬೆಳ್ಳುಳ್ಳಿಯನ್ನು ತರಕಾರಿಯಾಗಿ ಕಂಡವರು ನಮ್ಮಲ್ಲೇ ಇದ್ದರು ಎನ್ನುವುದಕ್ಕೆ ಹಳೆ ಮೈಸೂರಿನ ಬೆಳ್ಳುಳ್ಳಿ ಗೊಜ್ಜೇ ಸಾಕ್ಷಿ. ಎರಡು ದೊಡ್ಡ ಗಡ್ಡೆ, ಸುಮಾರು ಮೂವತ್ತು ಎಸಳು, ಬಿಡಿಸಿಕೊಳ್ಳಿ. ಜಜ್ಜಬೇಡಿ. ಬಾಣಲೆಗೆ ನಾಲ್ಕು ಚಮಚ ಎಳ್ಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ. ಇದರಲ್ಲಿ ಜಿಪುಣತನ ಬೇಡ. ಸಾಸಿವೆ ಸಿಡಿದ ಮೇಲೆ ಉರಿ ಪೂರ್ತಿ ಇಳಿಸಿ, ಕರಿಬೇವು, ಚಿಟಿಕೆ ಇಂಗು, ಆಮೇಲೆ ಬೆಳ್ಳುಳ್ಳಿ. ಬಹಳ ಮಂದಿ ದುಡುಕುವುದು ಇಲ್ಲೇ. ಕಾದು ಹೊಗೆಯಾಡುವ ಎಣ್ಣೆಗೆ ಬೆಳ್ಳುಳ್ಳಿ ಬಿದ್ದರೆ ಹೊರಗೆ ಕಂದು, ಒಳಗೆ ಹಸಿ, ಕೊನೆಗೆ ಕಹಿ. ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಆಗಾಗ ತಿರುಗಿಸುತ್ತ ಬಿಟ್ಟರೆ ಎಸಳು ಹೊಂಬಣ್ಣಕ್ಕೆ ಬಂದು, ಸೌಟಿನಲ್ಲಿ ಒತ್ತಿದರೆ ಬಗ್ಗುತ್ತದೆ. ಆ ಹೊತ್ತಿನಲ್ಲಿ ಪಕ್ಕದ ಒಲೆಯಲ್ಲಿ ಅನ್ನ ಆಗುತ್ತದೆ, ನೀವು ಕೈಕಾಲು ತೊಳೆದು ಬರಬಹುದು.

ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣಿನ ರಸ ಹಾಕಿ. ಒಂದೂವರೆ ಚಮಚ ಸಾರಿನ ಪುಡಿ, ಅರಿಸಿನ, ಉಪ್ಪು, ಹುಳಿಯನ್ನು ಹಿಡಿದಿಡುವಷ್ಟು ಬೆಲ್ಲ. ಎಣ್ಣೆ ಅಂಚಿಗೆ ಬಂದು ನಿಲ್ಲುವವರೆಗೆ ಕುದಿಸಿ. ಕೆಲವರು ಕೊನೆಗೆ ಹುರಿದ ಎಳ್ಳಿನ ಪುಡಿ ಹಾಕುತ್ತಾರೆ, ಗಟ್ಟಿಯಾಗುತ್ತದೆ. ನನಗೆ ಅದು ಬೇಕೆನಿಸಿಲ್ಲ. ಈರುಳ್ಳಿ ಇಲ್ಲ, ಟೊಮೆಟೊ ಇಲ್ಲ, ತೆಂಗಿನಕಾಯಿ ತುರಿಯುವುದಿಲ್ಲ, ಮಿಕ್ಸಿ ತೊಳೆಯುವುದಿಲ್ಲ. ಬಿಸಿ ಅನ್ನಕ್ಕೆ ಗೊಜ್ಜು, ಪಕ್ಕದಲ್ಲಿ ಒಂದು ಸೌಟು ಮೊಸರು. ಮರುದಿನ ದೋಸೆಗೆ ಇನ್ನೂ ಚೆನ್ನ. ತೀರ್ಥಹಳ್ಳಿಯವಳು ಈಗ ಎರಡು ಗಡ್ಡೆಗೆ ಒಪ್ಪುವುದಿಲ್ಲ, ಮೂರು ಬೇಕು.

ಇಷ್ಟಾದರೂ ಬೆಳ್ಳುಳ್ಳಿಯ ಮುಂದೆ ಇನ್ನೊಂದು ಗೋಡೆ ಇದೆ, ಅದಕ್ಕೂ ರುಚಿಗೂ ಸಂಬಂಧವಿಲ್ಲ. ಬೆಂಗಳೂರಿಗೆ ವರ್ಗವಾಗಿ ಮನೆ ಹುಡುಕುವಾಗ ಒಬ್ಬ ಮಾಲೀಕರು ಬಾಡಿಗೆ, ಮುಂಗಡ ಎಲ್ಲ ಮಾತಾಡಿ ಮುಗಿಸಿದ ಮೇಲೆ, 'ಬೆಳ್ಳುಳ್ಳಿ ಉಪಯೋಗಿಸ್ತೀರಾ?' ಎಂದು ಕೇಳಿದರು. ಹೌದು ಎಂದೆ. ಫೋನ್ ಮಾಡ್ತೀವಿ ಎಂದರು. ಅವರು ಕೇಳಿದ್ದು ಅಡುಗೆಯ ಬಗ್ಗೆ ಅಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಈ ಪ್ರಶ್ನೆಗೆ ವಯಸ್ಸಾಗಿದೆ. ಮನುಸ್ಮೃತಿ ದ್ವಿಜರಿಗೆ ಬೆಳ್ಳುಳ್ಳಿ, ಈರುಳ್ಳಿ, ಅಣಬೆ ಕೂಡದು ಎನ್ನುತ್ತದೆ. ಐದನೆಯ ಶತಮಾನದ ಆರಂಭದಲ್ಲಿ ಬಂದ ಚೀನೀ ಯಾತ್ರಿಕ ಫಾಹಿಯಾನ್, ಮಧ್ಯದೇಶದಲ್ಲಿ ಈರುಳ್ಳಿ ಬೆಳ್ಳುಳ್ಳಿ ತಿನ್ನುವವರು ಚಂಡಾಲರು ಮಾತ್ರ, ಅವರ ವಾಸ ಊರಾಚೆ ಎಂದು ಬರೆದಿಟ್ಟಿದ್ದಾನೆ.

ಅದೇ ಕಾಲದ ಆಸುಪಾಸಿನ ಇನ್ನೊಂದು ಬರಹ ಬೇರೆಯೇ ಕಥೆ ಹೇಳುತ್ತದೆ. 1890ರಲ್ಲಿ ಮಧ್ಯ ಏಷ್ಯಾದ ಕುಚಾ ಹತ್ತಿರ ಸಿಕ್ಕ, ಈಗ ಬೋವರ್ ಹಸ್ತಪ್ರತಿ ಎಂದು ಕರೆಯುವ ಸಂಸ್ಕೃತ ಗ್ರಂಥದ ವೈದ್ಯಭಾಗ ಬೆಳ್ಳುಳ್ಳಿಯ ಹೊಗಳಿಕೆಯಿಂದಲೇ ಶುರುವಾಗುತ್ತದೆ. ತಿನ್ನಬಾರದ ಬ್ರಾಹ್ಮಣರಿಗೂ ಅದರಲ್ಲಿ ಒಂದು ದಾರಿ ಇದೆ: ಹಸುವಿಗೆ ಮೂರು ದಿನ ಮೇವು ಕಡಿಮೆ ಮಾಡಿ, ಆಮೇಲೆ ಹುಲ್ಲಿನ ಜತೆ ಬೆಳ್ಳುಳ್ಳಿ ದಂಟು ತಿನ್ನಿಸಿ, ಆ ಹಸುವಿನ ಹಾಲು, ಮೊಸರು, ತುಪ್ಪ ಸೇವಿಸುವುದು. ಅಡ್ಡದಾರಿ ಎಂದರೆ ಹೀಗಿರಬೇಕು. ನಮ್ಮ ಕಾಲದಲ್ಲಿ ಹಸು ಬೇಕಾಗಲಿಲ್ಲ. ವರ್ಷವಿಡೀ ಬೆಳ್ಳುಳ್ಳಿ ಮುಟ್ಟದ ಎಷ್ಟೋ ಮನೆಗಳಲ್ಲಿ ಸೊಸೆಗೆ ಹೆರಿಗೆಯಾದ ಕೂಡಲೇ ಅದೇ ಬೆಳ್ಳುಳ್ಳಿ ತುಪ್ಪದಲ್ಲಿ ಹುರಿದು, ಬೆಲ್ಲದಲ್ಲಿ ಲೇಹ್ಯವಾಗಿ ಬಾಣಂತಿಯ ಕೋಣೆಗೆ ಹೋಗುತ್ತದೆ. ಆಗ ವಾಸನೆ ಯಾರಿಗೂ ಬಾಧಿಸುವುದಿಲ್ಲ.

ವ್ರತಕ್ಕೆ, ನಂಬಿಕೆಗೆ ಬಿಟ್ಟವರ ಬಗ್ಗೆ ನನಗೆ ಗೌರವವಿದೆ. ಜೈನ ಗೆಳೆಯರು ಮನೆಗೆ ಬಂದರೆ ಬೇರೆ ಪಾತ್ರೆಯಲ್ಲೇ ಅಡುಗೆ. ನಾನು ತಿನ್ನುವುದಿಲ್ಲ ಎನ್ನುವುದು ಅವರವರ ಹಕ್ಕು. ನೀನು ತಿನ್ನುವುದರಿಂದ ನೀನು ಕೆಳಗಿನವನು ಎನ್ನುವುದು ಹಕ್ಕಲ್ಲ. ಶಾಲೆಯ ಬಿಸಿಯೂಟಕ್ಕೆ ಈರುಳ್ಳಿ, ಬೆಳ್ಳುಳ್ಳಿ ಬೇಕೋ ಬೇಡವೋ ಎಂದು ನಮ್ಮ ರಾಜ್ಯದಲ್ಲಿ ಕೆಲವು ವರ್ಷಗಳ ಹಿಂದೆ ಚರ್ಚೆಯಾದಾಗ ಪೌಷ್ಟಿಕಾಂಶದ ಲೆಕ್ಕ ಬಹಳ ಬಂತು. ಮನೆಯಲ್ಲಿ ಬಸ್ಸಾರು ಉಣ್ಣುವ ಮಗುವಿಗೆ ಬೆಳ್ಳುಳ್ಳಿ ಇಲ್ಲದ ಆ ಬಿಸಿಯೂಟದ ಸಾರು ಬಾಯಿಗೆ ಹತ್ತುತ್ತದೆಯೇ ಎಂದು ಕೇಳಿದವರು ಕಡಿಮೆ. ಮಗು ತಟ್ಟೆಯಲ್ಲಿ ಬಿಟ್ಟ ಸಾರಿನಲ್ಲಿ ಎಷ್ಟು ಪ್ರೋಟೀನು ಇದ್ದರೆ ಏನು?

ಬಾಯಿಯ ವಾಸನೆ ನಿಜ, ಅಲ್ಲಗಳೆಯುವುದಿಲ್ಲ. ಬೆಳ್ಳುಳ್ಳಿಯ ಒಂದು ಗಂಧಕದ ಸಂಯುಕ್ತ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬರುತ್ತದೆ, ಹಲ್ಲುಜ್ಜಿ ಪ್ರಯೋಜನವಿಲ್ಲ. ಊಟದ ಜತೆ ಹಾಲು ಕುಡಿದರೆ ಸ್ವಲ್ಪ ತಗ್ಗುತ್ತದೆ. ಮನೆಮಂದಿಯೆಲ್ಲ ತಿಂದರೆ ಸಮಸ್ಯೆಯೇ ಇಲ್ಲ.

ಔಷಧಿ ಎಂದು ಮಾತ್ರ ನನಗೆ ಹೇಳಬೇಡಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಹಸಿ ಎಸಳು ನುಂಗಿದರೆ ಬಿಪಿ ಹೋಗುತ್ತದೆ, ಹೃದಯ ಗಟ್ಟಿಯಾಗುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶಗಳು ನಿವೃತ್ತರ ಗುಂಪುಗಳಲ್ಲಿ ವಾರಕ್ಕೊಮ್ಮೆ ಸುತ್ತುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹಾಗೆ ಹಸಿಯದ್ದನ್ನು ನುಂಗುವ ಮೊದಲು ವೈದ್ಯರನ್ನು ಕೇಳಬೇಕು. ಕೆಲವರ ಹೊಟ್ಟೆಗೆ ಅದರ ಫ್ರಕ್ಟಾನ್ ಆಗಿಬರುವುದಿಲ್ಲ, ಉಬ್ಬರಿಸುತ್ತದೆ. ಅವರಿಗೆ ಈ ಲೇಖನ ಅಲ್ಲ. ಉಳಿದವರು ರುಚಿಗೆ ತಿನ್ನಲಿ. ಕುಂಬಳಕಾಯಿಯನ್ನು ಯಾರೂ ರೋಗಕ್ಕೆ ಹೆದರಿ ತಿನ್ನುವುದಿಲ್ಲವಲ್ಲ.

ಕೊನೆಗೆ ಬೆಲೆ. 2024ರಲ್ಲಿ ಕೆಜಿಗೆ 400 ರೂಪಾಯಿ ದಾಟಿದಾಗ, ಗಡ್ಡೆಗಟ್ಟಲೆ ಹಾಕಿ ಎನ್ನುವ ನನ್ನನ್ನು ನೆರೆಯವರು ಸಿರಿವಂತರ ಸಾಲಿಗೆ ಸೇರಿಸಿದ್ದರು. ಲೆಕ್ಕ ಹಾಕಿ. ಒಂದು ಗಡ್ಡೆ 40 ಗ್ರಾಂ; ಆ ಬೆಲೆಯಲ್ಲೂ 16 ರೂಪಾಯಿ. ನಾಲ್ಕು ಜನರ ಗೊಜ್ಜಿಗೆ 32. ಬೇರೆ ತರಕಾರಿಯನ್ನೇ ಹಾಕದ ಊಟಕ್ಕೆ ಅದು ಹೆಚ್ಚಲ್ಲ. ಅಗ್ಗ, ದಪ್ಪ ಎಸಳು, ಸುಲಿಯಲು ಸುಲಭ ಎಂದು ಚೀನಾದ ಬೆಳ್ಳುಳ್ಳಿ ಮಾರಲು ಬಂದರೆ ತೆಗೆದುಕೊಳ್ಳಬೇಡಿ. ಶಿಲೀಂಧ್ರದ ಕಾರಣಕ್ಕೆ 2014ರಲ್ಲೇ ಅದರ ಆಮದಿಗೆ ನಿಷೇಧ ಬಿದ್ದಿದೆ, ಆದರೂ ಕಳ್ಳದಾರಿಯಲ್ಲಿ ಬರುತ್ತಿರುವ ಸುದ್ದಿ ಆಗಾಗ ಕಾಣುತ್ತದೆ.

ಹಿಂಗಾರಿನ ಬೆಳೆ ಫೆಬ್ರುವರಿ, ಮಾರ್ಚಿನಲ್ಲಿ ಕೀಳುತ್ತಾರೆ. ಹೊಸ ಮಾಲು ಒಣಗಿ ಪೇಟೆಗೆ ಬಂದು ದರ ಇಳಿದಾಗ ಒಟ್ಟಿಗೇ ಐದು ಕೆಜಿ ಕೊಳ್ಳುವುದು ಜಾಣತನ. ಅದುಮಿದರೆ ಗಟ್ಟಿಯಾಗಿರಬೇಕು, ಬುಡದಲ್ಲಿ ಕಪ್ಪು ಬೂಷ್ಟು ಇರಬಾರದು. ದಂಟು ಸಮೇತ ಸಿಕ್ಕರೆ ಜಡೆ ಹೆಣೆದು ಗಾಳಿಯಾಡುವ ಕಡೆ ತೂಗುಹಾಕಿ, ಇಲ್ಲದಿದ್ದರೆ ಬುಟ್ಟಿಯಲ್ಲಿ ಹರಡಿ. ಪ್ಲಾಸ್ಟಿಕ್ ಚೀಲ ಬೇಡ, ಫ್ರಿಜ್ಜಂತೂ ಬೇಡವೇ ಬೇಡ, ಆ ತಂಪಿಗೆ ಬೇಗ ಮೊಳಕೆ ಬರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕೆಲವು ಹೇಗೂ ಮೊಳೆಯುತ್ತವೆ. ಎಸೆಯುವುದಲ್ಲ; ಎಸಳು ಬಿಡಿಸಿ, ಮೊಳಕೆ ಮೇಲಾಗಿ ಕುಂಡದ ಮಣ್ಣಿಗೆ ಊರಿದರೆ ಕೆಲವೇ ವಾರಗಳಲ್ಲಿ ಗೇಣುದ್ದದ ಹಸಿರು ಗರಿ. ಅದನ್ನು ಸಣ್ಣಗೆ ಹೆಚ್ಚಿ ಜುಣಕಕ್ಕೆ ಹಾಕಿ. ಉಳ್ಳಾಗಡ್ಡಿ ಕಡಿಮೆ ಇದ್ದರೂ ನಡೆಯುತ್ತದೆ.